ಬಹರೈನಿನಲ್ಲಿ ಗಂಗೆ ಪೂಜೆ

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಹುಟ್ಟಿದ್ದು ಬಹರೈನಿನಲ್ಲಿ. ಚೊಚ್ಚಲ ಹೆರಿಗೆ, ನಿಮ್ಮವ್ವ ತವರಿಗೆ, ಶಿರೂರಿಗೆ ಬರಬೇಕಾಗಿತ್ತು. ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ನಾನೇ ಹೊರಟೆ. ನಿಮ್ಮಜ್ಜ ತೀರಿಕೊಂಡ ಮೇಲೆ ಅಷ್ಟು ದೂರ ಹೋದದ್ದು ಅದೇ ಮೊದಲು. ಬಾಣಂತಿಯ ಉಂಡೆಗೆ ಬೇಕಾದ ಅಳವಿ, ಅಂಟು, ಕೊಬ್ಬರಿ, ಉತ್ತತ್ತಿ ಎಲ್ಲವನ್ನೂ ಬಾಗಲಕೋಟೆ ಪೇಟೆಯಲ್ಲಿ ಆರಿಸಿ ತಂದು ಚೀಲ ತುಂಬಿದ್ದೆ. ಅಲ್ಲಿ ಚೀಲ ಬಿಚ್ಚಿದಾಗ ನಿಮ್ಮಪ್ಪ ಬಾಗಿಲಾಚೆ ನಿಂತು ನಿಮ್ಮವ್ವನಿಗೆ ಕೂಗಿದರು.

"ಏ, ನಿಮ್ಮವ್ವಾರಿಗೆ ಹೇಳು, ಇದು ಉತ್ತತ್ತಿ ಬೆಳ್ಯೋ ದೇಶ ಐತಿ ಅಂತ. ಕೆಳಗ ರಸ್ತಾದಾಗ ಗೊನಿ ಗೊನಿ ಜೋತಾಡಾಕತ್ತಾವ!"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ನಾನಂತೂ ಮದುವೆಯಾದಾಗಿನಿಂದ ನಿಮ್ಮಪ್ಪನ ಜೊತೆ ಒಂದು ಮಾತೂ ಆಡಿದವಳಲ್ಲ. ಏನು ಬೇಕಾದರೂ ನಿಮ್ಮವ್ವನ ಬಾಯಿಂದಲೇ ಹೇಳಿಸುತ್ತಿದ್ದೆ.

ಹೆರಿಗೆಯಾದ ಮೇಲೆ ನಿಮ್ಮವ್ವ ಮಾತೇ ಬಿಟ್ಟಳು. ಕೂಸಿಗೆ ಹಾಲು ಕುಡಿಸಿ ಗೋಡೆ ಕಡೆ ತಿರುಗಿ ಮಲಗುವಳು. ದವಾಖಾನೆಯಲ್ಲಿ ಗುಳಿಗೆ ಕೊಟ್ಟರು, ದಿನಾ ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿ ಎಂದರು. ಯಾರು ಕರೆದರೂ ಒಂದೇ ಉತ್ತರ: "ಗಂಗಿ ಪೂಜಿನಽ ಆಗಿಲ್ಲ, ಹೆಂಗ ಬರ್ಲಿ?" ನೆಪವೋ ನಿಜವೋ ನನಗೆ ತಿಳಿಯಲಿಲ್ಲ. ಮಗಳು ಹೀಗೇ ಉಳಿದುಬಿಟ್ಟರೆ ಎಂಬ ಭಯ ಮಾತ್ರ ದಿನದಿನಕ್ಕೆ ಹೆಚ್ಚಾಯಿತು.

ನಮ್ಮ ಕಡೆ ಬಾಣಂತಿ ಮೊದಲ ಸಲ ಹೊರಗೆ ಬರುವುದು ನೀರಿನ ಬಳಿಗೆ. ಬಾವಿಯ ದಂಡೆಯಲ್ಲಿ ಐದು ಹರಳಿಟ್ಟು, ಅರಿಸಿನ ಕುಂಕುಮ ಹಚ್ಚಿ, ಗಂಗವ್ವನಿಗೆ ಕೈಮುಗಿದು, ನೀರು ತುಂಬಿಕೊಂಡು ಮನೆಗೆ ಬರುತ್ತಾಳೆ. ನಾನು ಪೂಜೆ ಮಾಡಿದ್ದು ಚೊಳಚಗುಡ್ಡದ ತವರಿನ ಬಾವಿಯಲ್ಲಿ. ಆದರೆ ಬಹರೈನಿನಲ್ಲಿ ಹೊಳೆಯೇ ಇಲ್ಲ, ಮನೆಯ ಹತ್ತಿರ ಬಾವಿಯೂ ಇರಲಿಲ್ಲ. ಕಿಟಕಿಯಿಂದ ನೋಡಿದರೆ ಗಾಜಿನ ಕಟ್ಟಡಗಳು, ಅವುಗಳಾಚೆ ಸಮುದ್ರ. ಆ ಸಮುದ್ರಕ್ಕೂ ಉಸುಕು ಸುರಿದು ನೆಲ ಮಾಡುತ್ತಿದ್ದರು. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದ್ದನ್ನು ಕಂಡವಳು ನಾನು. ನೀರನ್ನು ಹಿಂದೆ ಸರಿಸಿ ಓಣಿ ಕಟ್ಟುವುದನ್ನು ಎಷ್ಟು ನೋಡಿದರೂ ಸಾಲದು.

ಕೆಳಗಿನ ಮನೆಯಲ್ಲಿ ಆ ದೇಶದವರೇ ಆದ ಅಜ್ಜಿಯೊಬ್ಬರಿದ್ದರು. ಒಂದು ದಿನ ಕೂಸನ್ನು ನೋಡಲು ಬಂದರು. ಅವರ ಹಿಂದಿ ಮುರುಕು, ನನ್ನದು ಇಳಕಲ್ಲಿನ ಸಂತೆಯಲ್ಲಿ ಕಲಿತದ್ದು. ಹೇಗೋ ಮಾತು ನಡೆಯಿತು. ಅವರ ಅಜ್ಜ ಮುತ್ತು ತೆಗೆಯಲು ಸಮುದ್ರಕ್ಕೆ ಧುಮುಕುತ್ತಿದ್ದರಂತೆ. ಕುಡಿಯುವ ನೀರು ತೀರಿದರೆ ತೊಗಲಿನ ಚೀಲ ಹಿಡಿದು ಮುಳುಗಿ, ಉಪ್ಪುನೀರಿನ ತಳದಲ್ಲಿ ಉಕ್ಕುವ ಸಿಹಿನೀರನ್ನು ತುಂಬಿ ತರುತ್ತಿದ್ದರಂತೆ. ಆಮೇಲೆ ಮುತ್ತಿನ ವ್ಯಾಪಾರ ಬಿತ್ತು, ನೆಲದಲ್ಲಿ ಎಣ್ಣೆ ಸಿಕ್ಕಿತು, ಊರು ಬೆಳೆಯಿತು. ಬೋರು ಹೊಡೆದೂ ಹೊಡೆದೂ ಬುಗ್ಗೆಗಳು ಬತ್ತಿದವು. ಈಗ ನಳದಲ್ಲಿ ಬರುವುದು ಹೆಚ್ಚಾಗಿ ಉಪ್ಪು ತೆಗೆದ ಸಮುದ್ರದ ನೀರೇ. ತೋಟವೊಂದರಲ್ಲಿ ಹಳೆಯ ಬುಗ್ಗೆಯ ಕೊಳ ಉಳಿದಿದೆ, ಹಿಂದೆ ಮದುಮಕ್ಕಳನ್ನು ಮೀಯಿಸಲು ಅಲ್ಲಿಗೇ ಒಯ್ಯುತ್ತಿದ್ದೆವು ಎಂದರು. ಈಗ ಅದಕ್ಕೂ ಮೋಟರಿನಿಂದಲೇ ನೀರು ಬಿಡುತ್ತಾರಂತೆ.

ಸಂಜೆ ನಿಮ್ಮಪ್ಪ ಚಹಾ ಕುಡಿಯುವಾಗ ಹೋಗಿ ಎದುರು ನಿಂತೆ.

"ನೋಡ್ರಿ," ಎಂದೆ.

ಅವರು ತಮ್ಮ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದರು.

"ನಿಮಗಽ ಅನ್ನಾಕತ್ತೇನ್ರಿ. ತ್ವಾಟದಾಗ ಹಳೇ ಬುಗ್ಗಿ ಐತಂತ. ಅಕಿನ್ನ ಕರ್ಕೊಂಡು ಹೋಗೂಣ್ರಿ. ಪೂಜಿ ಮಾಡಸ್ತೇನಿ."

ಅವರು ಕಪ್ಪು ಕೆಳಗಿಟ್ಟು ಎದ್ದೇ ನಿಂತರು. "ಆತ್ರೀ ಅತ್ತಿ. ನಾಳೇನಽ ಹೋಗೂಣು."

ಒಳಗಿಂದ ನಿಮ್ಮವ್ವನ ದನಿ ಬಂತು. "ಯವ್ವಾ, ಯಾರ ಜೋಡಿ ಮಾತಾಡಾಕತ್ತಿ?"

"ನಿನ್ನ ಗಂಡನ ಜೋಡಿ!"

"ಖರೇನಽ?" ಎಂದು ಎದ್ದು ಬಂದು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು.

ಮರುದಿನ ಹೋದೆವು. ಕೊಳದ ಸುತ್ತ ಕಟ್ಟೆ ಕಟ್ಟಿದ್ದರು. ಕಾಲುದಾರಿಯಲ್ಲಿ ಹರಳು ಆರಿಸಿ ತಂದು ನೀರಿನ ಅಂಚಿನಲ್ಲಿ ಇಟ್ಟೆ.

"ಮೋಟರ್ ನೀರಿಗೆ ಗಂಗವ್ವ ಬರ್ತಾಳೇನಬೇ?" ಎಂದಳು ನಿಮ್ಮವ್ವ.

"ಶಿರೂರಾಗ ಈಗ ನಳಕ್ಕಽ ಪೂಜಿ ಮಾಡ್ತಾರ. ಅಲ್ಲಿ ಬಂದಾಕಿ ಇಲ್ಲಿ ಬರಾಂಗಿಲ್ಲೇನು? ಹಚ್ಚು."

ಅರಿಸಿನ ಕುಂಕುಮದ ಬಟ್ಟಲು ಅವಳ ಕೈಗೆ ಕೊಟ್ಟು ನಾನು ಹಿಂದೆ ಸರಿದೆ. ಗಂಡನಿಲ್ಲದವಳು ಕುಂಕುಮ ಹಚ್ಚಬಾರದೆಂದು ನಮ್ಮಲ್ಲಿ ಅನ್ನುತ್ತಾರೆ. ಅವಳು ಬಟ್ಟಲನ್ನು ತಿರುಗಿ ನನ್ನ ಕೈಯಲ್ಲಿಟ್ಟಳು.

"ನೀ ಹಚ್ಚು. ನೀ ಹಚ್ಚಿದ್ರಽ ನಾ ಕೈ ಮುಗೀತೇನಿ. ಇಲ್ಲಾಂದ್ರ ಮನಿಗೆ ನಡಿ."

ಹಚ್ಚಿದೆ. ಅವಳು ಕೈಮುಗಿದಳು. ಆಮೇಲೆ ಬಗ್ಗಿ ಬೊಗಸೆ ತುಂಬ ನೀರು ತೆಗೆದು ಮುಖಕ್ಕೆ ಹಾಕಿಕೊಂಡು, ಎಷ್ಟೋ ಹೊತ್ತು ಅತ್ತಳು. ಕೂಸು ನನ್ನ ಹೆಗಲ ಮೇಲಿತ್ತು. ನಿಮ್ಮಪ್ಪ ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟರು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಗುಳಿಗೆ ಇನ್ನೂ ಬಹಳ ದಿನ ನಡೆದವು, ಗೋಡೆ ಕಡೆ ತಿರುಗಿ ಮಲಗಿದ ದಿನಗಳೂ ಇದ್ದವು. ಆದರೆ ಅಂದು ಗಾಡಿ ಮನೆ ಕಡೆ ಹೊರಳಿದಾಗ ಅವಳು, "ಈಗಽ ಮನಿಗೆ ಬ್ಯಾಡ್ರಿ. ಸಮುದ್ರದ ದಂಡಿಗುಂಟ ಒಂದೀಟು ಹೋಗೂಣು," ಎಂದಳು. ಕೊಳದ ನೀರು ತುಂಬಿಕೊಂಡಿದ್ದ ತಂಬಿಗೆ ಅವಳ ತೊಡೆಯ ಮೇಲಿತ್ತು. ನೀರು ತುಳುಕದ ಹಾಗೆ ನಿಮ್ಮಪ್ಪ ಮೆಲ್ಲಗೆ ಗಾಡಿ ನಡೆಸಿದರು.