ಪಾಡಿಯ ಎಂಟನೆಯ ಬಾಗಿಲು

ವಯನಾಡಿಗೆ ಬಂದ ನಾಲ್ಕನೆಯ ಬೆಳಿಗ್ಗೆ ಅಳುತ್ತಾ ಒಲೆ ಊದುತ್ತಿದ್ದೆ. ಕಿಟಕಿಯಾಚೆಯಿಂದ ಯಾರೋ ಕನ್ನಡದಲ್ಲಿ ಗದರಿದರು: "ಅದು ಹಸಿ ಸೌದೆ ಚೇಚೀ, ಊದಿ ಸಾಯಬ್ಯಾಡ!"

ಊದುಗೊಳವೆ ಬಿಸಾಡಿ ಹೊರಗೆ ಓಡಿದೆ. ಚೇಚಿ ಎಂದರೆ ಅಕ್ಕ. ಹಾಗೆ ಕರೆದವಳು ಕಾಳಿ, ತೋಟದ ಕೆಲಸಕ್ಕೆ ಬರುವ ಕಾಡಿನವಳು. ಅವಳ ಕನ್ನಡ ನಮ್ಮ ಗುಂಡ್ಲುಪೇಟೆಯ ಕನ್ನಡಕ್ಕೆ ದೂರದ ನೆಂಟ.

ನನ್ನ ಗಂಡ ಆ ಕಾಫಿ ತೋಟದಲ್ಲಿ ಹಾಜರಿ ಕರೆಯುವ ರೈಟರ್. ಧಣಿಗಳ ಬಂಗಲೆ ಮೂರು ತಲೆಮಾರಿನದು, ಬೀಟೆಮರದ ಮೆಟ್ಟಿಲಿನದು. ಅದರ ಹಿಂಗೋಡೆಗೆ ಅಂಟಿದ ಒಂಟಿ ಕೋಣೆ ನಮ್ಮದು. ಕೂಗಳತೆಯಲ್ಲಿ ಪಾಡಿ, ಅಂದರೆ ಆಳುಗಳ ಸಾಲುಮನೆ: ಹತ್ತು ಬಾಗಿಲು, ಒಂದೇ ಮಾಡು. ಎಂಟನೆಯ ಬಾಗಿಲು ಕಾಳಿಯದು.

ಊರಿನಲ್ಲಿ ಕೂತು ಓದುವ ನೀವು ನಂಬಲಿಕ್ಕಿಲ್ಲ, ನನ್ನ ಹೊಟ್ಟೆ ಉರಿದದ್ದು ಬಂಗಲೆಯನ್ನು ಕಂಡಲ್ಲ, ಪಾಡಿಯನ್ನು ಕಂಡು. ಅಲ್ಲಿ ಒಂದು ಕೋಣೆಯಲ್ಲಿ ಮಗು ಅತ್ತರೆ ಪಕ್ಕದವಳು ಎತ್ತಿಕೊಳ್ಳುತ್ತಿದ್ದಳು. ಸಂಜೆ ಹೆಂಗಸರು ಸಾಲಾಗಿ ಕೂತು ತಲೆ ಬಾಚಿಕೊಳ್ಳುತ್ತಾ ನಗುತ್ತಿದ್ದರು. ನಾನು ಹೋದರೆ ರೈಟರ ಹೆಂಡತಿಯೆಂದು ಎದ್ದು ನಿಂತು ಸುಮ್ಮನಾಗುತ್ತಿದ್ದರು. ಕಾಳಿಯೂ ಮಲಯಾಳಕ್ಕೆ ಹೊರಳಿಬಿಡುತ್ತಿದ್ದಳು. ನನಗೆ ಇದ್ದವಳು ಅವಳೊಬ್ಬಳೇ. ಅವಳಿಗೆ ಪಾಡಿಯೇ ಇತ್ತು.

ಅದು ನಕ್ಸಲರ ಗಲಾಟೆಯ ಕಾಲ. ತಿರುನೆಲ್ಲಿಯ ಕಾಡುಗಳಲ್ಲಿ ಹುಡುಕಾಟ ನಡೆದಿತ್ತು. ಒಂದು ಮಧ್ಯಾಹ್ನ ಪೊಲೀಸರು ನಮ್ಮ ತೋಟಕ್ಕೂ ಬಂದು, ಹೊರಗಿನವರು ಯಾರ ಮನೆಗೆ ಬರುತ್ತಾರೆಂದು ನನ್ನನ್ನು ಕೇಳಿದರು. ಯಾರೂ ಬಂದದ್ದನ್ನು ನಾನು ಕಂಡಿರಲಿಲ್ಲ. ಆದರೆ ಹಿಂದಿನ ಸಂಜೆ ಪಾಡಿಯಲ್ಲಿ ಕಾಳಿ ಮಲಯಾಳದಲ್ಲಿ ಏನೋ ಹೇಳಿದ್ದಳು, ಎಲ್ಲರೂ ನನ್ನತ್ತ ನೋಡಿ ನಕ್ಕಿದ್ದರು. ನಾನು ಎಂಟನೆಯ ಬಾಗಿಲು ತೋರಿಸಿದೆ.

ಪೊಲೀಸರು ಎಳೆದೊಯ್ದ ಕಾಳಿಯ ಗಂಡ ಬೊಳ್ಳ ಮೂರನೆಯ ದಿನ ಗೋಡೆ ಹಿಡಿದುಕೊಂಡು ನಡೆಯುತ್ತಾ ವಾಪಸು ಬಂದ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಪಾಡಿಯ ಆರು ಮನೆಯವರು ಬಿಟ್ಟುಹೋಗಿ, ಕಾಡಂಚಿನಲ್ಲಿ ಗುಡಿಸಲು ಹಾಕಿ, ಭೂಮಿ ನಮ್ಮದೆಂದು ಕೂತರು. ನಾನು ಹುಡುಕಿಕೊಂಡು ಹೋದೆ. ಕಾಳಿ ಬಿದಿರಿನ ತಟ್ಟಿಗೆ ಮಣ್ಣು ಮೆತ್ತುತ್ತಿದ್ದಳು.

"ಅವತ್ತು ನಿನ್ನ ಬಾಗಿಲು ತೋರ್ಸಿದ್ದು ನಾನೇ," ಅಂದೆ.

"ಗೊತ್ತು."

"ನಿನ್ನ ಕಂಡ್ರೆ ಹೊಟ್ಟೆಕಿಚ್ಚು ಕಣೇ."

ಅವಳ ಕೈ ನಿಂತಿತು. "ನನ್ನ ಕಂಡಾ? ಬೊಳ್ಳನ ಕಾಲು ಇನ್ನೂ ನೆಟ್ಟಗಾಗ್ನಿಲ್ಲ. ನಾಳೆ ಇದ್ನೂ ಬಂದು ಕಿತ್ತಾಕ್ತರೆ. ಬೇಕಾ ನಿಂಗೆ?"

ಅವಳು ಮತ್ತೆ ತಟ್ಟಿಗೆ ಮಣ್ಣು ಮೆತ್ತತೊಡಗಿದಳು.

"ನಿಂಗೆ ಊರದೆ, ಹೋಗು ಚೇಚೀ. ನಮ್ಮಜ್ಜ ಇದ್ದ ಜಾಗ ಇದು. ನಮ್ಗೆ ಬ್ಯಾರೆ ಇಲ್ಲ."

ಸರ್ಕಾರದವರು ಬಂದು ಗುಡಿಸಲುಗಳನ್ನು ಎರಡು ಸಲ ಕಿತ್ತರು. ಕಾಳಿಯವರು ಮೂರನೆಯ ಸಲ ಕಟ್ಟಿದರು.

ಈಗ ಊರಿಗೆ ಹೋದರೆ ಅತ್ತಿಗೆ "ಮಲಯಾಳದವಳು ಬಂದ್ಲು" ಅನ್ನುತ್ತಾಳೆ. ಇಲ್ಲಿ ಇಷ್ಟು ವರ್ಷವಾದರೂ ನಾನು ಕನ್ನಡದವಳು. ಬಸ್ಸು ಆ ಕಾಡಂಚನ್ನು ದಾಟುವಾಗ ಕಾಳಿಯ ಅಂಗಳದತ್ತ ನೋಡುತ್ತೇನೆ. ಇಳಿದು ಹೋಗಿ ತಪ್ಪಾಯಿತೆನ್ನಬೇಕು ಅನಿಸುತ್ತದೆ. ಆದರೆ ಅದಕ್ಕೂ ಮೊದಲು, ಇವತ್ತಿಗೂ, ಹೊಟ್ಟೆ ಉರಿಯುತ್ತದೆ.