ಮಿಡ್‌ವಿಕೆಟ್ಟಿನ ಟಿಟ್ಟಿಭ

ಬ್ಯಾಟಿಂಗೂ ಬಾರದ, ಬೌಲಿಂಗೂ ಬಾರದ, ಆದರೆ ಕನ್ನಡಕವೊಂದಿರುವ ಮನುಷ್ಯ ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಕಡೆ ಅವನನ್ನು ಅಂಪೈರ್ ಮಾಡಿಬಿಡುತ್ತಾರೆ. ಮಾಡದಕೆರೆಯಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದ ನನಗೆ ತೊಂಬತ್ತರ ದಶಕದ ಕೊನೆಯ ಬೇಸಿಗೆಯೊಂದರಲ್ಲಿ ಆ ಪಟ್ಟಾಭಿಷೇಕವಾಯಿತು. ಆಸ್ಥಾನ ಬತ್ತಿದ ಕೆರೆಯಂಗಳ; ಎದುರಾಳಿಗಳು ಚಿಕ್ಕಜಾಜೂರಿನವರು.

ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬಂದು ಕೆರೆಯಂಚಿನ ಕೆಸರು ಕೆದಕುವ ಗೊರವ ಹಕ್ಕಿಗಳೆಲ್ಲ ಬಿಸಿಲೇರುವ ಮೊದಲೇ ಮರುಪ್ರಯಾಣ ಹೊರಟಿದ್ದವು. ಅವುಗಳ ಬಂಧುವಾದರೂ ವಲಸೆಯ ಗೊಡವೆಗೆ ಹೋಗದ ಟಿಟ್ಟಿಭದ ಜೋಡಿಯೊಂದು ಮಾತ್ರ ಉಳಿದುಕೊಂಡು, ಟಾಸಿಗೂ ಮುಂಚೆ ಕಿರುಚುತ್ತ ನನ್ನ ತಲೆಯ ಮೇಲೆರಗಿತು. ತೀರ್ಪು ಕೊಡುವ ಮೊದಲೇ ಪ್ರತಿಭಟನೆ ಎದುರಿಸಿದ ಅಂಪೈರ್ ನಾನೊಬ್ಬನೇ ಇರಬೇಕು. ಹುಡುಕಿದರೆ, ಮಿಡ್‌ವಿಕೆಟ್ಟಿನ ಕಲ್ಲುಗಳ ನಡುವೆ, ಕಲ್ಲುಗಳಂತೆಯೇ ಮಚ್ಚೆಮಚ್ಚೆಯಾದ ನಾಲ್ಕು ಮೊಟ್ಟೆಗಳು, ಗೂಡೆಂಬುದೇ ಇಲ್ಲ.

"ಸಲಿಕೇಲಿ ಎತ್ತಿ ಆ ಕಡಿಗೆ ಇಡಾಣ ಬಿಡ್ರಿ ಸಾ," ಎಂದ ನಮ್ಮ ನಾಯಕ ಓಂಕಾರ.

"ಜಾಗ ಬದಲಾದರೆ ಅದು ಕಾವಿಗೆ ಬರಲ್ಲ ಕಣಪ್ಪ," ಎಂದು ನಾನು ಮೊಟ್ಟೆಗಳ ಸುತ್ತ ಕಲ್ಲಿನ ವೃತ್ತ ಹಾಕಿಸಿ ಶಾಸನ ಹೊರಡಿಸಿದೆ: ಒಳಗೆ ಚೆಂಡು ಬಿದ್ದರೆ ಎರಡು ರನ್, ಯಾರೂ ಕಾಲಿಡಬಾರದು.

"ಹಕ್ಕಿಗೂ ಒಂದು ರೂಲ್ಸಾ?" ಓಂಕಾರ ಗೊಣಗಿದ.

ಆಟ ಸಾಗಿತು. ಒಂದು ಹಕ್ಕಿ ಬಿಸಿಲಿಗೆ ಮೊಟ್ಟೆ ಬೇಯದಂತೆ ನೆರಳಾಗಿ ನಿಂತರೆ, ಇನ್ನೊಂದು ದೂರದ ಗುಂಡಿಯಲ್ಲಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಅವನ್ನು ತಂಪು ಮಾಡುತ್ತಿತ್ತು. ನಾನು ಅದನ್ನೇ ನೋಡುತ್ತ ಎರಡು ಎಲ್‌ಬಿಡಬ್ಲ್ಯೂ ಗಮನಿಸದೇ ಬಿಟ್ಟೆನೆಂಬುದು ಊರಿನ ಆರೋಪ.

ಕೊನೆಯ ಚೆಂಡಿಗೆ ಚಿಕ್ಕಜಾಜೂರಿಗೆ ಎರಡು ರನ್ ಬೇಕಿತ್ತು. ಅವರ ನಾಯಕ ಪರಮೇಶಿ ಬೀಸಿದ ಚೆಂಡು ಮುಗಿಲಿಗೇರಿ ನೇರ ವೃತ್ತದ ಮೇಲೆಯೇ ಇಳಿಯತೊಡಗಿತು. ಓಂಕಾರ ಓಡಿಬಂದ. ಒಳಗೆ ನುಗ್ಗಿದರೆ ಸುಲಭದ ಕ್ಯಾಚು. ಶಾಸನ ಮುರಿದರೂ ನಾನು ಔಟ್ ಕೊಡುತ್ತಿದ್ದೆನೇನೋ, ಏಕೆಂದರೆ ಸ್ವಾಮಿ, ನಾನು ಬಾಡಿಗೆಗಿದ್ದದ್ದು ಅವನ ಮನೆಯಲ್ಲೇ. ಆದರೆ ಮೊಣಕಾಲೆತ್ತರವೂ ಇಲ್ಲದ ಆ ಜೀವ ರೆಕ್ಕೆ ಬಿಚ್ಚಿ ಅವನೆದುರು ನಿಂತಿತು. ಓಂಕಾರನೂ ನಿಂತ. ಚೆಂಡು ಮೊಟ್ಟೆಗಳಿಂದ ಗೇಣು ದೂರದಲ್ಲಿ ಧೂಳೆಬ್ಬಿಸಿತು. ನಾವು ಸೋತೆವು.

"ಯಾಕ್ಲೇ ನಿಂತೆ?" ನಮ್ಮವರೆಲ್ಲ ಅವನನ್ನು ಮುತ್ತಿಕೊಂಡರು.

"ಅದು ಓಡ್ಲೇ ಇಲ್ಲ ಕಣ್ರಲೇ. ಇಷ್ಟೇ ಇಷ್ಟುದ್ದ ಐತೆ, ಓಡ್ಲೇ ಇಲ್ಲ," ಎಂದ ಓಂಕಾರ, ತನಗೇ ಹೇಳಿಕೊಳ್ಳುವಂತೆ.

ಗೆದ್ದ ಪರಮೇಶಿ ನಗುತ್ತ ಚೆಂಡು ತರಲು ಹೊರಟ. ಅಷ್ಟರಲ್ಲಿ ಹಕ್ಕಿ ಗರಿ ಕೊಡವಿ ಮೊಟ್ಟೆಗಳ ಮೇಲೆ ಕೂತಾಗಿತ್ತು. ಓಂಕಾರ ಅವನ ಭುಜ ಹಿಡಿದು ಇತ್ತ ತಿರುಗಿಸಿದ.

"ಇರ್ಲಿ ಬಿಡಪ್ಪ. ಮರಿ ಆದ್ಮ್ಯಾಲೆ ತಗಳಾಣ. ಬರ್ರಿ, ಟೀ ಕುಡಿಯಾಣ."