ಸುಳಿ, ಹಲ್ಲು, ಚಷ್ಮಾ

ಗದಗಿನ ಒಂದು ಕಣ್ಣಿನ ದವಾಖಾನಿಯೊಳಗ ನನ್ನ ಕೆಲಸ ಅಂದ್ರ, ಚಷ್ಮಾ ಬಿಡಿಸೋ ಲೇಸರ್ ಆಪರೇಶನ್‌ನಿಂದ ಏನೇನು ತ್ರಾಸ ಆಗಬಹುದು ಅಂತ ಓದಿ ಹೇಳಿ ಸಹಿ ತಗೊಳ್ಳೋದು. ಒಂದಿನ ಮುಳಗುಂದದ ದನದ ದಲಾಲಿ ಒಬ್ರು ಮಗಳನ್ನ ಕರ್ಕೊಂಡು ಬಂದ್ರು. ಕಣ್ಣು ಒಣಗಬಹುದು, ದೀಪದ ಸುತ್ತ ಬೆಳಕಿನ ಉಂಗುರ ಕಾಣಬಹುದು, ಮುಂದ ಮತ್ತ ಚಷ್ಮಾ ಬರಬಹುದು, ಅಪರೂಪಕ್ಕ ನಜರೂ ಕಡಿಮಿ ಆಗಬಹುದು ಅಂತ ಓದಿದೆ. ಮಗಳು ಪೆನ್ನು ತಗೊಂಡ್ಲು. ಅವರು ಆಕಿ ಕೈ ಹಿಡಿದು ತಡೆದ್ರು.

“ಎತ್ತು ಮಾರಾಂವ ತಾನಾಗೇ ಮೈಮ್ಯಾಲಿನ ಸುಳಿ ಸರಿ ಇಲ್ಲ ಅಂದ್ರ, ನಾ ಮೊದಲು ವಯಸ್ಸು ತಿಳಿಯಾಕ ಹಲ್ಲು ನೋಡತೀನ್ರಿ. ಸಣ್ಣ ಐಬು ಹೇಳಿ ದೊಡ್ಡದು ಮುಚ್ಚತಾರ. ನೀವು ಯಾವುದು ಮುಚ್ಚೀರಿ?”

“ಏನೂ ಇಲ್ರಿ ಕಾಕಾರ.”

ಎತ್ತಿನ ಬಾಯಿ ತೆರೆದು ನೋಡೋ ಹಂಗ ನನ್ನ ಮುಖ ನೋಡಿದ್ರು. “ಮತ್ತ ನೀವ್ಯಾಕ ಇನ್ನೂ ಚಷ್ಮಾ ಹಾಕೀರಿ?”

“ನನ್ನ ಕಣ್ಣಿನ ಮುಂದಿನ ಪದರು ತೆಳ್ಳಗ ಐತ್ರಿ. ಅಂಥವರಿಗೆ ಈ ಆಪರೇಶನ್ ಮಾಡಂಗಿಲ್ಲ.”

“ಇದನ್ನ ಓದಲಿಲ್ಲಲ್ಲ.”

ಖರೆ. ತಪಾಸಣಿಯೊಳಗ ಗೊತ್ತಾಗೇ ಆಗತೈತಿ ಅಂತ ಕಾಗದದಾಗಿನ ಆ ಸಾಲನ್ನ ನಾ ಯಾವಾಗಲೂ ಬಿಡತಿದ್ದೆ. ಮಗಳ ಕಣ್ಣನ್ನ ತಮ್ಮ ಎದುರಿಗೇ ಮತ್ತೊಮ್ಮೆ ಅಳೆಸಿದ ಮ್ಯಾಲೇ ಅವರು ಸಹಿ ಮಾಡಗೊಟ್ರು.

ಈಗ ಆ ಸಾಲನ್ನೇ ಮೊದಲು ಓದತೀನಿ. ಚಷ್ಮಾ ತೆಗೆದಿಟ್ಟು ಓದಿದ್ರ ಯಾರಿಗೂ ಸಂಶಯ ಬರಂಗಿಲ್ಲ ಅನಸತೈತಿ. ಆದ್ರ ಆಗ ಕಾಗದ ಮೂಗಿಗೆ ಹಚ್ಚಿ ಓದಬೇಕಾಗತೈತಿ.